ಗೆದ್ದ ಕತ್ತಿಯನ್ನು ಕಿತ್ತುಕೊಳ್ಳಬಹುದೆ?

(ನಮ್ಮ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಇಂದು ಇಲ್ಲಿ ಮಾತನಾಡಬೇಕಾಗಿದ್ದವರು ಬೇರೊಬ್ಬರು. ಅವರು ಊರಿನ ಕರೆಯ ಮೇಲೆ ನಿನ್ನೆ ರಾತ್ರಿಯ ಗಾಡಿಗೆ ಹೊರಟುಹೋದುದರಿಂದ, ಭಾನುವಾರ ಬಾಗಿಲು ತೆಗೆದು ಪತ್ರಿಕೆ ಜೋಡಿಸಿಡುವ ನನ್ನನ್ನೇ ಕಾರ್ಯದರ್ಶಿಗಳು ಹಿಡಿದು ನಿಲ್ಲಿಸಿದ್ದಾರೆ. ನಾನು ಪಂಡಿತನಲ್ಲ, ಮೂವತ್ತೆರಡು ವರ್ಷ ಲೆಜ್ಜರು ಬರೆದು ನಿವೃತ್ತನಾದ ಕಾರಕೂನ. ಎಳೆತನದಲ್ಲಿ ಕಾಸರಗೋಡಿನ ಕಡೆಯ ನಮ್ಮ ಹಳ್ಳಿಯಲ್ಲಿ ತಾಳಮದ್ದಳೆ ಕೇಳಿ ನಿದ್ದೆಗೆಟ್ಟದ್ದು, ಇಲ್ಲಿಗೆ ಬಂದ ಮೇಲೆ ಇದೇ ಕುರ್ಲಾದ ಬಂಟರ ಭವನದಲ್ಲಿ ಊರಿನ ಕಲಾವಿದರು ಬಂದಾಗ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ್ದು, ಇಷ್ಟೇ ನನ್ನ ಬಂಡವಾಳ.

ವಿಷಯವಾದರೂ ದೊಡ್ಡದಲ್ಲ. ಆಟದಲ್ಲಿ ಒಬ್ಬನ ಕೈಗೆ ಬಂದ ಕತ್ತಿ ಮಿತಿಮೀರಿ ಬಲವುಳ್ಳದ್ದಾದರೆ ಏನು ಮಾಡಬೇಕು ಎಂಬುದು. ನಗಬೇಡಿ. ಈ ಕತ್ತಿಯ ದೆಸೆಯಿಂದ ನಮ್ಮ ವಾಚನಾಲಯಕ್ಕೆ ಒಬ್ಬ ಓದುಗ ಕಾಯಮ್ಮಾಗಿ ತಪ್ಪಿಹೋಗುವುದರಲ್ಲಿದ್ದ.

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ಪತ್ರಿಕೆ ಓದುವ ಹಿರಿಯರು ಊಟ ಮುಗಿಸಿ ಮಲಗಿರುವ ಹೊತ್ತಿನಲ್ಲಿ, ಆ ಮೂಲೆಯ ಉದ್ದ ಮೇಜಿನ ಸುತ್ತ ಆರು ಜನ ಕೂಡುತ್ತಾರೆ. ಒಬ್ಬಳು ಬಿ.ಕಾಂ. ಓದುವ ಹುಡುಗಿ, ಅವಳೇ ಸೂತ್ರಧಾರಿ. ಉಳಿದ ಐವರು ಒಂದೊಂದು ಪಾತ್ರ. ಕಾಡಿದೆ, ಕೋಟೆಯಿದೆ, ಗುಹೆಯಲ್ಲಿ ರಾಕ್ಷಸನಿದ್ದಾನೆ ಎಂದು ಸೂತ್ರಧಾರಿ ಹೇಳುತ್ತಾಳೆ. ನಾನು ಹೀಗೆ ಮಾಡುತ್ತೇನೆ ಎಂದು ಪಾತ್ರಧಾರಿ ಹೇಳುತ್ತಾನೆ. ಆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ೧೯೭೪ರಲ್ಲಿ ಅಚ್ಚು ಹಾಕಿಸಿದ ಆಟದ ಸಂತಾನ ಇದು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂದು ಅದರ ಹೆಸರು. ನಮ್ಮ ಮಕ್ಕಳು ರಾಕ್ಷಸರನ್ನೂ ಊರುಗಳನ್ನೂ ತಮಗೆ ಬೇಕಾದಂತೆ ಬದಲಿಸಿಕೊಂಡಿದ್ದಾರೆ. ಆಟದ ಮಾತು ಅರ್ಧ ಕನ್ನಡ, ಕಾಲು ಮರಾಠಿ, ಉಳಿದದ್ದು ಹಿಂದಿ.

ಮೊದಲ ದಿನ ನೋಡಿದಾಗ ನನಗೆ ಇದು ತಾಳಮದ್ದಳೆಯ ದಾಯಾದಿಯಂತೆಯೇ ಕಂಡಿತು. ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲಿಯೇ ಒಬ್ಬ ಕರ್ಣನಾಗುತ್ತಾನೆ, ಇನ್ನೊಬ್ಬ ಶಲ್ಯನಾಗುತ್ತಾನೆ. ಬರೆದಿಟ್ಟುಕೊಂಡ ಮಾತಿಲ್ಲ, ಆಗ ಹುಟ್ಟಿದ್ದೇ ಮಾತು. ಒಂದೇ ವ್ಯತ್ಯಾಸ: ಅಲ್ಲಿ ಭಾಗವತರ ಪದ್ಯ ಕಥೆಯ ಕೊನೆಯನ್ನು ಮೊದಲೇ ಕಟ್ಟಿಹಾಕಿದೆ. ಅರ್ಥಧಾರಿ ಎಷ್ಟೇ ವಾದಿಸಿ ಗೆದ್ದರೂ ಕರ್ಣ ಸಾಯಲೇಬೇಕು. ಇಲ್ಲಿ ಆ ಕಟ್ಟಿಲ್ಲ. ಆದುದರಿಂದ ಒಂದು ಕತ್ತಿ ಕೆಟ್ಟರೆ ಕಥೆಯೇ ಕೆಡುತ್ತದೆ.

ಆ ಐವರಲ್ಲಿ ಒಬ್ಬ ಹುಡುಗ ಹಗಲು ಒಂದು ಕ್ಯಾಂಟೀನಿನಲ್ಲಿ ಕೆಲಸ ಮಾಡಿ ರಾತ್ರಿ ಕಾಲೇಜಿಗೆ ಹೋಗುವವನು. ಆಟದಲ್ಲಿ ಅವನು ಆರಿಸಿಕೊಂಡ ಪಾತ್ರ ಹಮಾಲನದು. ಏಳು ತಿಂಗಳು ಬರೀ ಒಂದು ಬಿದಿರು ದೊಣ್ಣೆ ಹಿಡಿದು ಆಡಿದ. ಕೊನೆಗೆ ಒಂದು ಭಾನುವಾರ, ಎಲ್ಲರೂ ಓಡಿದ ಮೇಲೆ ತಾನೊಬ್ಬನೇ ನಿಂತು, ದಾಳದಲ್ಲಿ ಇಪ್ಪತ್ತು ಬೀಳಿಸಿ, ಪಾಳು ಗುಡಿಯ ಕಾವಲುಭೂತವನ್ನು ಗೆದ್ದ. ಸೂತ್ರಧಾರಿ ಸಂತೋಷದ ಭರದಲ್ಲಿ ಅವನಿಗೊಂದು ಕತ್ತಿ ಕೊಟ್ಟುಬಿಟ್ಟಳು. ಆ ಕತ್ತಿ ಹೆಚ್ಚುಕಡಿಮೆ ತಪ್ಪದು. ತಗುಲಿದರೆ ಆರು ಮುಖದ ಹತ್ತು ದಾಳ ಎಸೆದು ಬಿದ್ದಷ್ಟು ಪೆಟ್ಟು.

ಇದರ ಲೆಕ್ಕವನ್ನು ನಾನು ಹಳೆಯ ಚಾಳಿಯಂತೆ ಕಾಗದದ ಮೇಲೆ ಹಾಕಿ ನೋಡಿದೆ. ಇಪ್ಪತ್ತು ಮುಖದ ದಾಳದಲ್ಲಿ ಒಂದು ಮುಖವೆಂದರೆ ನೂರಕ್ಕೆ ೫. ಸಾಮಾನ್ಯ ವೀರನಿಗೆ ೧೧ ಅಥವಾ ಮೇಲೆ ಬಿದ್ದರೆ ಪೆಟ್ಟು ತಗುಲುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ನೂರಕ್ಕೆ ೫೦. ಮೂರರ ಬಲವಿರುವ ಮಂತ್ರದ ಕತ್ತಿಯಿದ್ದರೆ ೮ ಬಿದ್ದರೂ ಸಾಕು, ನೂರಕ್ಕೆ ೬೫. ಇದು ಮರ್ಯಾದೆಯ ಹೆಚ್ಚಳ. ಹುಡುಗನ ಕತ್ತಿಯಾದರೋ ೧ ಒಂದನ್ನು ಬಿಟ್ಟು ಏನು ಬಿದ್ದರೂ ತಗುಲುವುದು, ನೂರಕ್ಕೆ ೯೫. ಇನ್ನು ಪೆಟ್ಟು: ಉಳಿದವರದು ಎಂಟು ಮುಖದ ಒಂದು ದಾಳ, ಸರಾಸರಿ ನಾಲ್ಕೂವರೆ, ಅರ್ಧ ಸಲ ತಪ್ಪುವುದರಿಂದ ತಲೆಗೆ ಎರಡೂಕಾಲು. ನಾಲ್ವರೂ ಸೇರಿ ಒಂದು ಸುತ್ತಿಗೆ ೯. ಈ ಹುಡುಗನೊಬ್ಬನದೇ ಸರಾಸರಿ ೩೩. ನಲವತ್ತು ಪ್ರಾಣದ ರಾಕ್ಷಸ ಅವನ ಎರಡನೆಯ ಏಟಿಗೆ ಮಲಗುತ್ತಿದ್ದ. ನಾಲ್ವರು ದಾಳವನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದುಕೊಂಡು ಕುಳಿತಿರುತ್ತಿದ್ದರು. ಮೂರನೆಯ ವಾರಕ್ಕೆ ಒಬ್ಬ ಕಿಟಕಿಯ ಹತ್ತಿರ ಹೋಗಿ ಹಾರ್ಬರ್ ಲೈನಿನ ಗಾಡಿ ಎಣಿಸತೊಡಗಿದ.

ಸೂತ್ರಧಾರಿ ನನ್ನ ಸಲಹೆ ಕೇಳಿದಳು. ನಾನು ಕೊಟ್ಟ ಮೊದಲ ಸಲಹೆ ತೀರಾ ಕೆಟ್ಟದ್ದು. ಅದನ್ನು ಒಪ್ಪಿಕೊಳ್ಳದೆ ಮುಂದೆ ಹೋಗಲಾರೆ. “ರಾಕ್ಷಸನನ್ನು ದೊಡ್ಡದು ಮಾಡು ತಾಯಿ” ಎಂದೆ. ಅವಳು ೨೦೦ ಪ್ರಾಣದ ರಾಕ್ಷಸನನ್ನು ತಂದಳು. ಕತ್ತಿಯವನಿಗೆ ಸಾಟಿಯಾಗಬೇಕೆಂದು ಅದರ ಗುದ್ದನ್ನೂ ಬೆಳೆಸಿದಳು. ಆ ಗುದ್ದು ಮೊದಲು ಬಿದ್ದದ್ದು ಇಪ್ಪತ್ತು ಪ್ರಾಣದ ವೈದ್ಯಳ ಮೇಲೆ. ವೈದ್ಯಳ ಪಾತ್ರ ಮಾಡುವವಳು ಹತ್ತು ವರ್ಷದ ಕೂಸು, ಟೆಂಪೋ ಓಡಿಸುವವರ ಮಗಳು; ಒಂದೇ ಏಟಿಗೆ ಸತ್ತೆನೆಂದು ಗೊಳೋ ಎಂದು ಅತ್ತಿತು. ಅಂಗಡಿಯವ ಬೆಲೆ ಏರಿಸಿದ, ಧಣಿ ಒಬ್ಬನಿಗೆ ಮಾತ್ರ ತುಟ್ಟಿಭತ್ಯೆ ಏರಿಸಿದ ಎಂದರೆ ಉಳಿದವರ ಗತಿ ಏನಾಗುತ್ತದೆಂದು ಬಲ್ಲ ನಾನೇ ಈ ಸಲಹೆ ಕೊಟ್ಟೆನಲ್ಲ ಎಂದು ನಾಚಿಕೆಯಾಯಿತು.

ಎರಡನೆಯ ಉಪಾಯ ಸೂತ್ರಧಾರಿಯದೇ: ರಾತ್ರಿ ಕಳ್ಳನೊಬ್ಬ ಬಂದು ಕತ್ತಿ ಕದ್ದುಕೊಂಡು ಹೋಗುವುದು. ಅವಳು ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಹುಡುಗ ಎದ್ದು ನಿಂತ. “ವಾರವೆಲ್ಲಾ ನನ್ನದು ಅನ್ನೋದು ಇದೊಂದೇ. ಅದನ್ನೂ ತಗೊಂಡುಬಿಡಿ” ಎಂದು ದಾಳವನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಮೂರು ಭಾನುವಾರ ಬರಲಿಲ್ಲ. ಎರವಲು ತೆಗೆದುಕೊಂಡ ಪುಸ್ತಕವನ್ನೂ ಇನ್ನೊಬ್ಬರ ಕೈಯಲ್ಲಿ ಕಳಿಸಿಕೊಟ್ಟ. ಅದನ್ನು ಕಪಾಟಿನಲ್ಲಿ ಇಡುವಾಗ ನನಗೆ ನಿಜವಾಗಿಯೂ ಕಸಿವಿಸಿಯಾಯಿತು. ಹತ್ತು ಜನರೊಡನೆ ಒಂದು ಖೋಲಿಯಲ್ಲಿ ಹಾಸಿಗೆಯಷ್ಟು ಜಾಗ ಹಂಚಿಕೊಂಡು ನಾನೂ ಬದುಕಿದ್ದೇನೆ. ನನ್ನದು ಎಂಬ ಒಂದು ತಗಡಿನ ಪೆಟ್ಟಿಗೆಯ ಬೆಲೆ ಏನೆಂಬುದು ಇಲ್ಲಿ ಕುಳಿತಿರುವ ಅನೇಕರಿಗೆ ನಾನು ಹೇಳಬೇಕಾದುದಿಲ್ಲ.

ಆ ವಾರ ನಾನು ಕಪಾಟಿನಿಂದ ಭಾರತವನ್ನು ತೆಗೆದೆ. ಪುಣ್ಯಕ್ಕಲ್ಲ; ಆಯುಧಗಳ ಬಾಬ್ತು ಮಾತ್ರ ನೋಡೋಣವೆಂದು. ವ್ಯಾಸರ ಕಥೆಯಲ್ಲಿ ಎಲ್ಲರ ಕೈಯಲ್ಲೂ ಲೋಕವನ್ನೇ ಸುಡುವ ಅಸ್ತ್ರಗಳಿವೆ, ಆದರೂ ಯುದ್ಧ ಹದಿನೆಂಟು ದಿನ ನಡೆಯುತ್ತದೆ. ಮೊದಲನೆಯ ದಿನ ಬೆಳಿಗ್ಗೆಯೇ ಮುಗಿದುಹೋಗಲಿಲ್ಲ ಏಕೆ? ಈ ಪ್ರಶ್ನೆ ಹಿಡಿದು ಓದಿದರೆ ಹಳೆಯ ಕಥೆ ಹೊಸ ಲೆಕ್ಕದ ಪುಸ್ತಕದಂತೆ ತೆರೆದುಕೊಳ್ಳುತ್ತದೆ.

ಕರ್ಣನ ಶಕ್ತ್ಯಾಯುಧವನ್ನು ನೋಡಿ. ಇಂದ್ರ ಬ್ರಾಹ್ಮಣವೇಷದಲ್ಲಿ ಬಂದು ಕವಚ ಕುಂಡಲಗಳನ್ನು ಬೇಡಿದ. ಅವೂ ಒಂದು ಬಗೆಯ ಮಿತಿಮೀರಿದ ಬಲವೇ. ಅವಿದ್ದಷ್ಟು ದಿನ ಕರ್ಣನನ್ನು ಕೊಲ್ಲುವಂತಿಲ್ಲ. ಆದರೆ ಇಂದ್ರ ರಾತ್ರಿ ಕಳ್ಳನನ್ನು ಕಳಿಸಲಿಲ್ಲ. ಬಂದು ಬೇಡಿದ, ವೇಷ ಮೋಸದ್ದೇ ಆದರೂ, ಕೊಡುವವನಿಗೆ ಅದು ತಿಳಿದಿತ್ತು, ಸೂರ್ಯ ಮೊದಲೇ ಎಚ್ಚರಿಸಿದ್ದ. ಕೊಟ್ಟದ್ದಕ್ಕೆ ಪ್ರತಿಯಾಗಿ ಕರ್ಣ ಶಕ್ತಿಯನ್ನು ಕೇಳಿ ಪಡೆದ. ಅದಕ್ಕೆ ಷರತ್ತುಗಳು: ಒಬ್ಬನೇ ಒಬ್ಬ ಶತ್ರುವನ್ನು ಕೊಂದು ಅದು ಇಂದ್ರನ ಕೈಗೆ ಮರಳುತ್ತದೆ; ಬೇರೆ ಆಯುಧ ಇರುವಾಗ, ಪ್ರಾಣಾಪಾಯ ಇಲ್ಲದಾಗ ಎಸೆದರೆ ಎಸೆದವನ ಮೇಲೆಯೇ ಬೀಳುತ್ತದೆ.

ಇಲ್ಲಿಯ ಸೊಗಸನ್ನು ಗಮನಿಸಬೇಕು. ಆಯುಧದ ಬಲವನ್ನು ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡಲಿಲ್ಲ. ಒಂದು ಸಲ ಎಂದು ಎಣಿಕೆ ಕಟ್ಟಿದರು, ಅಷ್ಟೆ. ಹಾಗೆ ಕಟ್ಟಿದ ಕೂಡಲೇ ಅದು ಕತ್ತಿಯಾಗಿ ಉಳಿಯದೆ ಪ್ರಶ್ನೆಯಾಯಿತು: ಯಾರ ಮೇಲೆ, ಯಾವಾಗ? ಕರ್ಣ ಅದನ್ನು ಅರ್ಜುನನಿಗೆಂದು ಎತ್ತಿಟ್ಟ. ದಿನವೂ ರಾತ್ರಿ ದುರ್ಯೋಧನ ಮೊದಲಾದವರು, ನಾಳೆ ಎಸೆ ಎನ್ನುವರು. ಬೆಳಗಾದರೆ ಕೃಷ್ಣನ ಮಾಯೆಗೆ ಸಿಕ್ಕಿ ಮರೆಯುವನು. ಹದಿನಾಲ್ಕನೆಯ ದಿನದ ರಾತ್ರಿ ಘಟೋತ್ಕಚ ಕೌರವಸೇನೆಯನ್ನು ಅರೆಯುತ್ತಿರುವಾಗ, ಇಂದು ರಾತ್ರಿಯೇ ಎಲ್ಲರೂ ಸತ್ತರೆ ನಾಳೆಗೆ ಅರ್ಜುನನನ್ನು ಕೊಂದು ಏನು ಫಲ ಎಂದು ತನ್ನವರೆಲ್ಲ ಬೊಬ್ಬೆಯಿಟ್ಟರು. ಕರ್ಣ ಎಸೆದ. ಘಟೋತ್ಕಚ ಬಿದ್ದ. ಪಾಂಡವರು ಅಳುತ್ತಿರುವಾಗ ಕೃಷ್ಣನೊಬ್ಬ ಕುಣಿದ. ಗೆದ್ದ ಕರ್ಣನ ಬಗ್ಗೆ ಕನಿಕರ ಹುಟ್ಟುವುದು ಅಲ್ಲಿ. ಕಳ್ಳ ಕದ್ದಿದ್ದರೆ ನಮಗೆ ಸಿಟ್ಟು ಮಾತ್ರ ಬರುತ್ತಿತ್ತು.

ನಾರಾಯಣಾಸ್ತ್ರದ ಕ್ರಮವೇ ಬೇರೆ. ದ್ರೋಣ ಸತ್ತ ದಿನ ಅಶ್ವತ್ಥಾಮ ಅದನ್ನು ಬಿಟ್ಟ. ಎದುರಿಸಿದಷ್ಟೂ ಅದು ಬೆಳೆಯುತ್ತದೆ. ರಥದಿಂದಿಳಿದು ಆಯುಧ ಕೆಳಗಿಟ್ಟವನನ್ನು ಮುಟ್ಟುವುದಿಲ್ಲ. ಗುಟ್ಟು ಬಲ್ಲ ಕೃಷ್ಣ ಹೇಳಿದ, ಎಲ್ಲರೂ ಇಳಿದರು, ಭೀಮ ಒಪ್ಪಲಿಲ್ಲ. ಅವನನ್ನು ಕೃಷ್ಣಾರ್ಜುನರು ರಥದಿಂದ ಎಳೆದು ಹಾಕಬೇಕಾಯಿತು. ಇನ್ನೊಮ್ಮೆ ಬಿಡು ಎಂದು ದುರ್ಯೋಧನ ಅಂದಾಗ, ಎರಡನೆಯ ಸಲ ಬಿಟ್ಟರೆ ಬಿಟ್ಟವನನ್ನೇ ತಿನ್ನುತ್ತದೆ ಎಂದ ಅಶ್ವತ್ಥಾಮ. ದೊಡ್ಡ ಬಲಕ್ಕೆ ಇನ್ನೂ ದೊಡ್ಡ ಬಲವೇ ಮದ್ದಾಗಬೇಕೆಂದಿಲ್ಲ, ಯಾರ ಕೈಯಲ್ಲೂ ಆಗುವ ಒಂದು ಸಣ್ಣ ಕೆಲಸ ಸಾಕು ಎಂಬ ಏರ್ಪಾಡು ಇದು. ಸೂತ್ರಧಾರಿಗಳಾಗುವವರು ಇದನ್ನು ಬರೆದಿಟ್ಟುಕೊಳ್ಳಬೇಕು.

ಬ್ರಹ್ಮಶಿರ ಎಂಬುದನ್ನು ಬಿಡುವುದು ಅಶ್ವತ್ಥಾಮನಿಗೆ ಗೊತ್ತು, ಹಿಂತೆಗೆಯುವುದು ಗೊತ್ತಿಲ್ಲ. ಅರ್ಜುನನಿಗೆ ಎರಡೂ ಗೊತ್ತು. ಎರಡು ಅಸ್ತ್ರ ಎದುರಾದರೆ ಆ ನಾಡಿಗೆ ಹನ್ನೆರಡು ವರ್ಷ ಮಳೆಯಿಲ್ಲ. ನಾರದ ವ್ಯಾಸರು ನಡುವೆ ನಿಂತರು; ಅರ್ಜುನ ಹಿಂತೆಗೆದ; ಹಿಂತೆಗೆಯಲಾರದವನ ಅಸ್ತ್ರ ಉತ್ತರೆಯ ಗರ್ಭಕ್ಕೆ ಹೋಯಿತು. ಇಲ್ಲಿ ಬೆಲೆ ತೆತ್ತವರು ಯುದ್ಧ ಮಾಡದವರು. ಪಾಶುಪತದ ಕಥೆ ಇನ್ನೂ ಚೆಂದ: ಅರ್ಜುನ ಸ್ವರ್ಗದಿಂದ ಬಂದವನು, ಅಣ್ಣ ಕೇಳಿದನೆಂದು, ಸಂಪಾದಿಸಿದ ಅಸ್ತ್ರಗಳನ್ನೆಲ್ಲ ಅಣ್ಣತಮ್ಮಂದಿರಿಗೆ ತೋರಿಸಲು ಹೊರಟ. ತೋರಿಸುವುದಕ್ಕೇ ಭೂಮಿ ನಡುಗಿತು. ನಾರದ ಓಡಿಬಂದು, ಗುರಿಯಿಲ್ಲದೆ ಇವನ್ನು ಹೂಡಬೇಡ ಎಂದು ನಿಲ್ಲಿಸಿದ. ಹೊಸ ಕೈಗಡಿಯಾರ ಕಟ್ಟಿದ ದಿನ ತೋಳು ಮಡಚಿಕೊಂಡು ಊರೆಲ್ಲ ತಿರುಗಿದ ನನಗೆ ಅರ್ಜುನನ ಮೇಲೆ ಸಿಟ್ಟು ಬರುವುದಿಲ್ಲ.

ಲಕ್ಷ್ಮೀಶನ ಜೈಮಿನಿಯಲ್ಲಿ ಸುಧನ್ವನ ಕಥೆ ನಿಮಗೆಲ್ಲ ಗೊತ್ತು. ಮೂರೇ ಬಾಣದಲ್ಲಿ ನಿನ್ನ ತಲೆ ಎಂದು ಅರ್ಜುನನ ಶಪಥ. ಮೂರನ್ನೂ ಕತ್ತರಿಸುವೆನೆಂದು ಸುಧನ್ವನದು. ಕೃಷ್ಣ ತನ್ನ ಪುಣ್ಯವನ್ನೇ ಬಾಣಗಳಿಗೆ ಧಾರೆಯೆರೆಯುತ್ತಾನೆ. ಸುಧನ್ವ ಮೂರನ್ನೂ ಕತ್ತರಿಸುತ್ತಾನೆ. ಮೂರನೆಯದರ ತುಂಡು ಅವನ ತಲೆಯನ್ನು ಒಯ್ಯುತ್ತದೆ. ಇಬ್ಬರ ಮಾತೂ ಉಳಿಯಿತು. ಬಾಣಕ್ಕೆ ಬಲ ಬೇಕಾದರೆ ಯಾರದೋ ಗಂಟಿನಿಂದ ಪುಣ್ಯ ಖರ್ಚಾಗಬೇಕು ಎಂಬುದು ಕಾರಕೂನನಿಗೆ ಬಲು ಮೆಚ್ಚಿಗೆಯಾಗುವ ಸಂಗತಿ: ಜಮೆ ಇಲ್ಲದೆ ಖರ್ಚಿಲ್ಲ.

ಇನ್ನು ಮಾಡಬಾರದ ರೀತಿ ಯಾವುದು? ಅದಕ್ಕೆ ವಾಲಿಯ ಪ್ರಸಂಗವಿದೆ. ಎದುರು ನಿಂತವನ ಅರ್ಧಬಲ ವಾಲಿಗೆ ಬರುತ್ತದೆಂದು ನಮ್ಮಲ್ಲಿ ಹೇಳುವ ರೂಢಿ. ಇಂಥ ವರಕ್ಕೆ ಎದುರು ದಾರಿಯೇ ಇಲ್ಲ. ಮರದ ಮರೆಯೊಂದೇ ದಾರಿ. ಆಯಿತು, ವಾಲಿ ಬಿದ್ದ. ಆದರೆ ಪ್ರಶ್ನೆ ಬೀಳಲಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬) ವಾಲಿಯಾಗಿ ಕುಳಿತು ರಾಮನನ್ನು ಪ್ರಶ್ನಿಸುವುದನ್ನು ಕೇಳಿದವರು, ಬಾಣ ತಗುಲಿದ್ದು ಯಾರಿಗೆ ಎಂದು ಅನುಮಾನಪಡುತ್ತಿದ್ದರು. ಹಿಂಬಾಗಿಲಿನಿಂದ ಬಲವನ್ನು ಮುರಿದರೆ ಆಟ ಮುಗಿದ ಮೇಲೂ ತಕರಾರು ಮುಗಿಯುವುದಿಲ್ಲ. ನಮ್ಮ ಸೂತ್ರಧಾರಿಯ ಕಳ್ಳ ಮಾಡಿದ್ದು ಅದೇ ಕೆಲಸ.

ಅಮೆರಿಕದ ಪುಸ್ತಕದವರೂ ಈ ತೊಡಕನ್ನು ಬಲ್ಲವರೇ. ಮಂತ್ರದಂಡಕ್ಕೆ ಇಷ್ಟೇ ಸಲ ಎಂಬ ಎಣಿಕೆ ಅವರಲ್ಲಿ ಮೊದಲಿನಿಂದಲೂ ಇದೆ. ಅವರ ಕತ್ತಿಗಳಿಗೆ ಬುದ್ಧಿಯೂ ಅಹಂಕಾರವೂ ಇರುತ್ತವೆ. ಹಿಡಿದವನು ದುರ್ಬಲನಾದರೆ ಕತ್ತಿಯೇ ಅವನನ್ನು ಆಳುತ್ತದೆ. ೨೦೧೪ರ ಆವೃತ್ತಿಯಲ್ಲಿ ದೊಡ್ಡ ಮಾಂತ್ರಿಕ ವಸ್ತುಗಳನ್ನು ಹೊಂದಿಕೆ ಮಾಡಿಕೊಂಡೇ ಬಳಸಬೇಕು, ಒಬ್ಬನಿಗೆ ಅಂಥವು ಒಂದು ಹೊತ್ತಿಗೆ ಮೂರೇ ಎಂಬ ಕಟ್ಟಳೆ ಬಂತು. ನಮ್ಮ ಅಜ್ಜಿಯರ ಚೌಕಾಬಾರದಲ್ಲಿಯೂ, ಎದುರಾಳಿಯ ಒಂದು ಕಾಯಿ ಕಡಿಯದೆ ಒಳಮನೆಗೆ ಪ್ರವೇಶವಿಲ್ಲವಷ್ಟೆ? ಕವಡೆ ಎಷ್ಟು ಒಲಿದರೂ ಹೊರಗೇ ಸುತ್ತಬೇಕು.

ಇಷ್ಟನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ನಾನೂ ಸೂತ್ರಧಾರಿಯೂ ಹುಡುಗನನ್ನು ಕಾಣಲು ಹೋದೆವು. ಕ್ಯಾಂಟೀನಿನ ಹಿಂಬದಿಯಲ್ಲಿ ಬಟ್ಟಲು ತೊಳೆಯುತ್ತಿದ್ದ. ಸೂತ್ರಧಾರಿ ಮೊದಲ ಮಾತಿಗೇ, “ಕಳ್ಳ ಬಂದದ್ದು ಸುಳ್ಳು, ಆ ರಾತ್ರಿ ಆಗಲೇ ಇಲ್ಲ ಅಂತ ಬರೆದಿದ್ದೇನೆ. ಕತ್ತಿ ನಿನ್ನದೇ” ಎಂದಳು. ಅವನು ಕೈ ಒರೆಸಿಕೊಂಡ. ನಾನು ಕರ್ಣನ ಕಥೆ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: “ಷರತ್ತು ಯಾರು ಹಾಕಿದ್ದು, ಇಂದ್ರನೋ ಕರ್ಣನೋ?” ಇಂದ್ರನೇ ಎಂದೆ. “ಹಾಗಾದರೆ ನನ್ನ ಕತ್ತಿಗೆ ನಾನೇ ಹಾಕುತ್ತೇನೆ” ಎಂದ. ಭಾರತ ಓದಿದ್ದ ನನಗೆ ಈ ಉಪಾಯ ಹೊಳೆದಿರಲಿಲ್ಲ.

ಮುಂದಿನ ಭಾನುವಾರ ಬಿಲ್ಲಿನ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡು ಬಂದ. ಕತ್ತಿ ದಿನನಿತ್ಯಕ್ಕೆ ಒಂದರ ಬಲದ ಕತ್ತಿ, ಬೇರೇನೂ ಅಲ್ಲ. ಜೊತೆಗಾರರಲ್ಲಿ ಒಬ್ಬರು ನೆಲಕ್ಕೆ ಬಿದ್ದಾಗ ಮಾತ್ರ ಅದರ ಪೂರ್ಣಬಲ ಏಳುತ್ತದೆ. ಒಮ್ಮೆ ಎದ್ದರೆ ಮುಂದಿನ ಅಮಾವಾಸ್ಯೆಯವರೆಗೆ ಮಲಗುತ್ತದೆ. ನಾನು ಒಂದು ಸೇರಿಸೋಣವೆಂದೆ. ಬ್ಯಾಂಕಿನ ತಿಜೋರಿಗೆ ಎರಡು ಕೀಲಿ, ಇಬ್ಬರು ಹಿಡಿದವರು; ಒಬ್ಬನ ಕೈಯಲ್ಲಿ ಅದು ತೆರೆಯದು. ಹಾಗೆಯೇ ಒರೆಯ ಮಂತ್ರ ಇನ್ನೊಬ್ಬರ ಬಳಿ ಇರಲಿ. ಹುಡುಗನ ಮುಖ ಕೆಂಪಾಯಿತು. “ನನ್ನ ಕತ್ತಿಗೆ ಪರರ ಕೀಲಿಯೆ?” ಅರ್ಧ ಗಂಟೆ ಚರ್ಚೆ ನಡೆಯಿತು, ತಾಳಮದ್ದಳೆಯ ಸಂವಾದಕ್ಕೆ ಸಮ. ಕೊನೆಗೆ, ಕೀಲಿ ಯಾರ ಬಳಿ ಎಂಬುದನ್ನು ತಾನೇ ಆರಿಸುವುದಾದರೆ ಸರಿ ಎಂದು, ಆ ಹತ್ತು ವರ್ಷದ ವೈದ್ಯಳನ್ನು ಆರಿಸಿದ. ಮಂತ್ರವನ್ನು ಅವಳು ತಾನೇ ಕಟ್ಟಿಕೊಂಡಳು. ಅದೇನೆಂದು ಈವರೆಗೆ ನನಗೂ ತಿಳಿಯದು.

ಎಲ್ಲವೂ ಸುಸೂತ್ರವಾಯಿತು ಎಂದರೆ ಸುಳ್ಳಾದೀತು. ಮೊದಲ ವಾರವೇ ಸೇತುವೆಯ ಮೇಲೆ ಇಬ್ಬರು ಬಿದ್ದರು. ಹುಡುಗ ಮಂತ್ರ ಹೇಳೆಂದ. ಮಗು ತನಗೆ ಮೊದಲು ಚಿಕ್ಕಿ ಕೊಡಿಸಬೇಕೆಂದು ಪಟ್ಟು ಹಿಡಿಯಿತು. ದಾಳ ಅಷ್ಟರಲ್ಲಿ ಮೂರನೆಯವನನ್ನೂ ಕೆಡವಿತು. ಹೊರಗೆ ಓಡಿಹೋಗಿ ಚಿಕ್ಕಿ ತಂದವನು ನಾನು. ಎರಡನೆಯ ತಿಂಗಳು ಕತ್ತಿ ಒಮ್ಮೆ ಎದ್ದಿತು. ಗಾಡಿ ಎಣಿಸುತ್ತಿದ್ದ ಹುಡುಗನ ಬೇಟೆಗಾರನನ್ನು ಹೆಬ್ಬಾವು ಸುತ್ತಿದಾಗ. ಆಗ ಮೇಜಿನ ಸುತ್ತ ಎದ್ದ ಕೂಗಿಗೆ ಕೆಳಗಿನ ಅಂಗಡಿಯವರು ಹತ್ತಿ ಬಂದರು. ಕೂಗಿದ್ದಕ್ಕೆ ಅವರಲ್ಲಿ ಕ್ಷಮೆ ಕೇಳಿದ್ದೇನೆ. ಸಭೆಯ ಮುಂದೆ ಇನ್ನೊಮ್ಮೆ ಕೇಳುತ್ತೇನೆ.

ಇನ್ನೊಂದು ತಕರಾರು ಉಳಿದಿದೆ. ಅಮಾವಾಸ್ಯೆ ಯಾವುದು, ಆಟದ ನಾಡಿನದೋ ಕುರ್ಲಾದ್ದೋ? ಗೋಡೆಯ ಪಂಚಾಂಗದ್ದೇ ಎಂದು ಹುಡುಗ. ನಾಲ್ಕು ದಿನ ಕಾದರೆ ಬಲ ಬರುವಂತಿದ್ದರೆ ಎಲ್ಲರೂ ಆಟವನ್ನೇ ಮುಂದೂಡುತ್ತಾರೆ ಎಂದು ಸೂತ್ರಧಾರಿ. ಇಬ್ಬರದೂ ನ್ಯಾಯವಾಗಿಯೇ ಕಾಣುತ್ತದೆ; ನಾನಿನ್ನೂ ತೀರ್ಪು ಕೊಟ್ಟಿಲ್ಲ.

ಕೊನೆಯದಾಗಿ ಒಂದು ಬಿನ್ನಹ. ಆ ಉದ್ದ ಮೇಜಿನ ಬಾಗಿಲ ಕಡೆಯ ಕಾಲು ಅಲುಗುತ್ತಿದೆ. ದಾಳ ಉರುಳುವಾಗ ಒಂದೇ ಮಗ್ಗುಲಿಗೆ ಜಾರುತ್ತದೆಂದು ದೂರು ಬಂದಿದೆ. ನಮ್ಮಲ್ಲಿ ಬಡಗಿ ಕೆಲಸ ಬಲ್ಲವರು ಇಬ್ಬರಿದ್ದಾರೆ. ಅವರು ಭಾನುವಾರ ಎರಡೂವರೆಗೆ, ಆಟಕ್ಕೆ ಮೊದಲು ಬಂದರೆ, ಉಳಿ ಸುತ್ತಿಗೆ ನಾನು ತೆಗೆದಿಟ್ಟಿರುತ್ತೇನೆ.